ವಾಕಿಂಗ್ ಮಾಡಿದರೂ ತೂಕ ಇಳಿಯದಿದ್ದರೆ: ಕೈಯ ಬ್ಯಾಂಡೋ, ಅಡುಗೆಮನೆಯ ತೂಕದ ಮಷಿನ್ನೋ?

ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟ, ಧಾರವಾಡದ ಕೆಲಗೇರಿ ಕೆರೆ. ಬೆಳಿಗ್ಗೆ ಆರಕ್ಕೆ ಎಲ್ಲಿ ಹೋದರೂ ದಿನ ತಪ್ಪಿಸದೆ ನಡೆಯುವವರು ಸಿಗುತ್ತಾರೆ. ಹಲವರ ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಬ್ಯಾಂಡ್ ಇರುತ್ತದೆ. ಆರು ತಿಂಗಳು ನಡೆದರೂ ತೂಕ ಇದ್ದಲ್ಲೇ ಇದೆ ಎನ್ನುವವರು ಇನ್ನೂ ದುಬಾರಿ ಬ್ಯಾಂಡ್ ಹುಡುಕುವುದು ಬೇಡ. 5 ಕಿಲೋವರೆಗೆ ತೂಗಿ, ಒಂದೊಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಮಷಿನ್ ಕೊಳ್ಳಲಿ. 500 ರೂಪಾಯಿಯೊಳಗೆ ಸಿಗುವ ಈ ಸಾಮಾನು ಬ್ಯಾಂಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೊದಲು ನಡಿಗೆಯ ಲೆಕ್ಕ. 70 ಕಿಲೋ ತೂಕದವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 245 ಕ್ಯಾಲೊರಿ ಖರ್ಚು. ಅದರಲ್ಲಿ 70 ಕ್ಯಾಲೊರಿ ಸುಮ್ಮನೆ ಕೂತಿದ್ದರೂ ಆಗುತ್ತಿದ್ದದ್ದು. ನಡಿಗೆಯಿಂದ ಬಂದ ನಿಜವಾದ ಗಳಿಕೆ 175. ಗೆಳೆಯರ ಜೊತೆ ಮಾತಾಡುತ್ತ ಗಂಟೆಗೆ ಮೂರೇ ಕಿಲೋಮೀಟರ್ ಸಾಗಿದರೆ ಅದು 110ರ ಆಸುಪಾಸಿಗೆ ಇಳಿಯುತ್ತದೆ. ಒಂದು ಕಿಲೋ ಕೊಬ್ಬು ಕರಗಲು ಸುಮಾರು 7,700 ಕ್ಯಾಲೊರಿ ಬೇಕು. ಅಂದರೆ ಊಟ ಒಂದಿಷ್ಟೂ ಹೆಚ್ಚಾಗದೆ ತಿಂಗಳಿಡೀ ಚುರುಕಾಗಿ ನಡೆದರೂ ಇಳಿಯುವುದು 700 ಗ್ರಾಂ ಒಳಗೆ. ದೇಹದ ನೀರಿನ ಅಂಶ, ಉಪ್ಪು, ಹೊಟ್ಟೆಯಲ್ಲಿರುವ ಊಟದಿಂದಲೇ ದಿನದಿಂದ ದಿನಕ್ಕೆ ಒಂದು ಕಿಲೋ ಹೆಚ್ಚುಕಡಿಮೆ ಆಗುತ್ತಿರುವಾಗ ಈ 700 ಗ್ರಾಂ ಕಣ್ಣಿಗೇ ಬೀಳುವುದಿಲ್ಲ. ನಡಿಗೆ ವ್ಯರ್ಥ ಎಂದಲ್ಲ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ, ನಿದ್ದೆಗೆ ಅದು ಬಹಳ ಒಳ್ಳೆಯದು, ಬಿಡಲೇಬಾರದು. ತೂಕ ಇಳಿಸುವ ಇಡೀ ಭಾರವನ್ನು ಅದೊಂದರ ಮೇಲೆ ಹೊರಿಸುವುದೇ ತಪ್ಪು.

ಬ್ಯಾಂಡ್ ಈ ತಪ್ಪನ್ನು ದೊಡ್ಡದು ಮಾಡುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಬ್ಯಾಂಡ್‌ಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಎದೆಬಡಿತವನ್ನು ಸರಿಯಾಗಿಯೇ ತೋರಿಸಿದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದದ್ದೂ ಶೇಕಡಾ 27ರಷ್ಟು ತಪ್ಪಿತ್ತು, ಕಡೆಯದು ಶೇಕಡಾ 93ರಷ್ಟು. ಹೆಜ್ಜೆಯ ಎಣಿಕೆಯೂ ಕೈಯ ಅಲುಗಾಟವನ್ನೇ ನಂಬಿರುತ್ತದೆ. ರೊಟ್ಟಿ ಬಡಿಯುವಾಗ ಕೆಲವು ಬ್ಯಾಂಡ್‌ಗಳು ಹೆಜ್ಜೆ ಎಣಿಸುತ್ತವೆ, ಜೇಬಿನಲ್ಲಿ ಕೈಯಿಟ್ಟು ನಡೆದರೆ ಬಿಟ್ಟುಬಿಡುತ್ತವೆ. ದಿನಕ್ಕೆ 10,000 ಹೆಜ್ಜೆ ಎಂಬ ಗುರಿಯೂ ವೈದ್ಯರ ಚೀಟಿಯಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರಿನಿಂದ ಬಂದದ್ದು. ನಿನ್ನೆಗಿಂತ ಇವತ್ತು ಹೆಚ್ಚು ನಡೆದೆನೇ ಎಂದು ನೋಡಲು ಬ್ಯಾಂಡ್ ಸಾಕು. ಅದು ತೋರಿಸಿದ ಕ್ಯಾಲೊರಿ ನಂಬಿ ವಾಪಸು ಬರುವಾಗ ಗಿರ್ಮಿಟ್, ಮಿರ್ಚಿ ಭಜಿ ತಿನ್ನಲು ಸಾಲದು.

ಇನ್ನು ತೂಕದ ಮಷಿನ್. ಎಲ್ಲವನ್ನೂ ತೂಗಲು ಹೊರಟರೆ ನಾಲ್ಕೇ ದಿನಕ್ಕೆ ಬೇಸರ ಬಂದು ಅದು ಅಟ್ಟ ಸೇರುತ್ತದೆ. ಎಣ್ಣೆ, ಸಕ್ಕರೆ, ಶೇಂಗಾ, ಈ ಮೂರನ್ನು ತೂಗಿದರೆ ನಮ್ಮ ಕಡೆಯ ಅಡುಗೆಯ ಹೆಚ್ಚಿನ ಗುಟ್ಟು ಹೊರಬೀಳುತ್ತದೆ. ಎಣ್ಣೆಗೆ ಸುಲಭದ ದಾರಿ ಇದು: ದಿನಬಳಕೆಯ ಎಣ್ಣೆ ಡಬ್ಬಿಯನ್ನು ರವಿವಾರ ಬೆಳಿಗ್ಗೆ ತೂಗಿ ಬರೆದಿಡಿ, ಮುಂದಿನ ರವಿವಾರ ಮತ್ತೆ ತೂಗಿ. ನಡುವೆ ಡಬ್ಬಿ ತುಂಬಿಸಿದರೆ ಹಾಕಿದ ಎಣ್ಣೆಯನ್ನೂ ತೂಗಿ ಕೂಡಿಸಿ. ಖರ್ಚಾದದ್ದನ್ನು ಮನೆಮಂದಿಯ ಸಂಖ್ಯೆಯಿಂದ, ಆಮೇಲೆ ಏಳರಿಂದ ಭಾಗಿಸಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 5 ಲೀಟರ್ ಹೋಗುತ್ತಿದ್ದರೆ ತಲೆಗೆ ದಿನಕ್ಕೆ 38 ಗ್ರಾಂ ಬೀಳುತ್ತದೆ. ಗ್ರಾಂಗೆ 9 ಕ್ಯಾಲೊರಿಯಂತೆ ಅದೇ ಸುಮಾರು 340. ಎಣಗಾಯಿಗೆ, ಒಗ್ಗರಣೆಗೆ ಡಬ್ಬಿ ಬಗ್ಗಿಸಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದರೆ 25 ಗ್ರಾಂಗೆ ಇಳಿಸುವುದು ಕಷ್ಟವಲ್ಲ. ಉಳಿತಾಯ 117 ಕ್ಯಾಲೊರಿ.

ಚಹಾದ ಸಕ್ಕರೆಯೂ ಹೀಗೇ. ಕಪ್ಪಿಗೆ 10 ಗ್ರಾಂ ಎಂದರೂ ನಾಲ್ಕು ಕಪ್ಪಿಗೆ 40 ಗ್ರಾಂ, 160 ಕ್ಯಾಲೊರಿ. ನಾಲ್ಕೂ ಕಪ್ ಸೇರಿ 15 ಗ್ರಾಂಗೆ ತಂದರೆ ನೂರು ಉಳಿಯಿತು. ಎಣ್ಣೆ, ಸಕ್ಕರೆ ಎರಡೂ ಸೇರಿ 217. ಒಂದು ಗಂಟೆಯ ನಡಿಗೆಯ ಗಳಿಕೆಗಿಂತ ಹೆಚ್ಚು! ಸಕ್ಕರೆ ಬದಲು ಬೆಲ್ಲ ಹಾಕಿದರೆ ಈ ಲೆಕ್ಕ ಬದಲಾಗುವುದಿಲ್ಲ.

ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ವಿಷಯದಲ್ಲಿ ಬಹಳ ಜನ ಮೋಸ ಹೋಗುತ್ತಾರೆ. 100 ಗ್ರಾಂ ಶೇಂಗಾದಲ್ಲಿ ಸುಮಾರು 570 ಕ್ಯಾಲೊರಿ. ತಾಟಿನ ಅಂಚಿಗೆ ಹಾಕಿಕೊಳ್ಳುವ ಎರಡು ದೊಡ್ಡ ಚಮಚ ಹಿಂಡಿ 30 ಗ್ರಾಂ ತೂಗಿದರೆ, ಅದರಲ್ಲಿನ ಖಾರ, ಉಪ್ಪು ಕಳೆದರೂ ಅಲ್ಲೇ 150 ಆಯಿತು, ಮೇಲೆ ಸುರಿದ ಒಂದು ದೊಡ್ಡ ಚಮಚ ಎಣ್ಣೆಗೆ ಇನ್ನೂ 120. ಬೈಯಿಸಿಕೊಳ್ಳುವುದು ಮಾತ್ರ ಪಾಪದ ಜೋಳದ ರೊಟ್ಟಿ. ರೊಟ್ಟಿಯನ್ನು ತೂಗುವುದಾದರೆ ಬೇಯಿಸುವ ಮುಂಚೆ ಒಣ ಹಿಟ್ಟನ್ನೇ ತೂಗಿ, ಎಷ್ಟು ರೊಟ್ಟಿ ಆದವೋ ಅಷ್ಟರಿಂದ ಭಾಗಿಸಿ. ಹಂಚಿನ ಮೇಲೆ ನೀರು ಆರುವುದರಿಂದ ಬೆಂದ ರೊಟ್ಟಿಯ ತೂಕ ದಾರಿ ತಪ್ಪಿಸುತ್ತದೆ. ಕೈಯಿಂದ ಬಡಿದ ರೊಟ್ಟಿಗೆ 50 ಗ್ರಾಂ ಹಿಟ್ಟೂ ಹಿಡಿಯುತ್ತದೆ, 80 ಗ್ರಾಮೂ ಹಿಡಿಯುತ್ತದೆ. ನಡುವಿನ ಅಂತರವೇ ನೂರು ಕ್ಯಾಲೊರಿ. ಅನ್ನಕ್ಕೂ ಅಕ್ಕಿಯನ್ನೇ ತೂಗಬೇಕು.

ಈ ಮಷಿನ್ನಿನ ಕುಂದುಗಳೂ ಗೊತ್ತಿರಲಿ. ಮಷಿನ್ ಮೇಲಿಟ್ಟ ಬಾಣಲೆಯಲ್ಲಿ ಎಣ್ಣೆಯನ್ನು ಹನಿಹನಿಯಾಗಿ ಹಾಕುತ್ತ ಹೋದರೆ ಕೆಲವು ಮಷಿನ್‌ಗಳು ಆ ಸಣ್ಣ ಏರಿಕೆಯನ್ನು ಸೊನ್ನೆ ಎಂದೇ ತಿಳಿದು ಅಂಕಿ ಬದಲಿಸುವುದಿಲ್ಲ. ಅದಕ್ಕೆ ಎಣ್ಣೆ ಡಬ್ಬಿಯನ್ನೇ ಇಟ್ಟು, ಅಂಕಿಯನ್ನು ಸೊನ್ನೆಗೆ ತರುವ ಟೇರ್ ಗುಂಡಿ ಒತ್ತಿ, ಎಣ್ಣೆ ಸುರಿದು ಡಬ್ಬಿಯನ್ನು ಮರಳಿ ಇಡಿ. ಮೈನಸ್ 22 ಎಂದು ಬಂದರೆ ಹೋದದ್ದು 22 ಗ್ರಾಂ. ಎರಡು ನಿಮಿಷಕ್ಕೆ ತಾನೇ ಆರುವ ಮಾದರಿಯಾದರೆ ಮೊದಲ ತೂಕ ಬರೆದಿಟ್ಟುಕೊಳ್ಳುವುದು ಲೇಸು. ಬಟ್ಟೆ ಹಾಸಿದ ಕಟ್ಟೆ, ಫ್ಯಾನಿನ ಗಾಳಿ, ಬಿಸಿ ಪಾತ್ರೆ ಮೂರೂ ತೂಕ ಕೆಡಿಸುತ್ತವೆ. ಅಗಲದ ಪಾತ್ರೆ ಇಟ್ಟರೆ ಅಂಕಿಯೇ ಮುಚ್ಚಿಹೋಗುತ್ತದೆ, ಇದು ನಿಜವಾದ ತೊಂದರೆ. ಯೂನಿಟ್ ಗುಂಡಿ ಅಕಸ್ಮಾತ್ ಒತ್ತಿ ಔನ್ಸ್‌ಗೆ ಹೋದರೆ ಅಂಕಿ ಏಕಾಏಕಿ ಚಿಕ್ಕದಾಗುತ್ತದೆ, ಕೆಟ್ಟಿತೆಂದು ಎಸೆಯಬೇಡಿ. ಮಿಲಿಲೀಟರ್ ತೋರಿಸುವ ಸೌಲಭ್ಯ ನೀರಿಗೆ ಸರಿ, ಎಣ್ಣೆಗೆ ಅಲ್ಲ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು, ಸಕ್ಕರೆ ಅಂಶ ತೀರ ಕುಸಿಯಬಹುದು. ಎರಡು ತಿಂಗಳು ನಿಯತ್ತಾಗಿ ತೂಗಿ ತಿಂದರೂ ಏನೂ ಬದಲಾಗದಿದ್ದರೆ ಥೈರಾಯ್ಡ್ ತೊಂದರೆ ಇದೆಯೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್‌ನಂಥ ಔಷಧಿ ನಡೆದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಜೊತೆಗೆ ಹೊಕ್ಕಳ ಮಟ್ಟದಲ್ಲಿ ಸುತ್ತಳತೆಯನ್ನು ತಿಂಗಳಿಗೊಮ್ಮೆ ಟೇಪಿನಲ್ಲಿ ಅಳೆಯಿರಿ, ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು.

ಅಂಗಡಿಯಲ್ಲಿ ಕೊಳ್ಳುವುದಾದರೆ, ಹುಬ್ಬಳ್ಳಿಯ ದುರ್ಗದಬೈಲಿಗೋ ಕೊಪ್ಪೀಕರ ರಸ್ತೆಗೋ ಹೋಗುವಾಗ ಹತ್ತು ರೂಪಾಯಿಯ ಹತ್ತು ನಾಣ್ಯ ಜೇಬಿನಲ್ಲಿರಲಿ. ಹತ್ತೂ ಸೇರಿ 77 ಗ್ರಾಂ ತೋರಿಸಬೇಕು, ಒಂದು ಗ್ರಾಂ ಆಚೀಚೆ ಪರವಾಗಿಲ್ಲ. ಅದೇ ನಾಣ್ಯಗಳನ್ನು ತಟ್ಟೆಯ ನಾಲ್ಕೂ ಮೂಲೆಗೆ ಸರಿಸಿ ನೋಡಿ. ಮೂಲೆಯಿಂದ ಮೂಲೆಗೆ ಮೂರು ಗ್ರಾಂ ವ್ಯತ್ಯಾಸ ಬಂದರೆ ಆ ಪೀಸ್ ಬೇಡ, ಬೇರೆ ತೆಗೆಸಿ.