ತುಕ್ಕು ತೆಗೆಯಲು ಸೈಕಲ್ ಚೈನನ್ನು ಆಸಿಡ್‌ನಲ್ಲಿ ನೆನೆಸಲು ಬಿಡಬೇಡಿ

ಮಳೆಗಾಲ ಕಳೆದ ಮೇಲೆ ಮಲೆನಾಡಿನ ಮನೆಗಳಿಂದ ಸೈಕಲ್ಲುಗಳು ರಿಪೇರಿಗೆ ಹೋಗುತ್ತವೆ. ಹಾಗೆ ಕೊಡುವಾಗ ಚೈನಿನ ತುಕ್ಕನ್ನು ಯಾವುದರಿಂದ ತೆಗೆಯುತ್ತೀರಿ ಎಂದು ದಯವಿಟ್ಟು ಮೊದಲೇ ಕೇಳಿ. ಆಸಿಡ್ ಎಂದರೆ ಸೈಕಲ್ಲನ್ನು ಅಲ್ಲಿ ಬಿಡಬೇಡಿ.

ತೀರ್ಥಹಳ್ಳಿ ಕಡೆಯ ನಮ್ಮ ಅಕ್ಕನ ಮಗನ ಸೈಕಲ್ ಮಳೆಯ ಇರಚಲಿಗೆ ಸಿಕ್ಕಿ ಚೈನೆಲ್ಲ ಕೆಂಪಾಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಹೊಸದರಂತೆ ಹೊಳೆಯುವ ಹಾಗೆ ಮಾಡಿ, ಎಣ್ಣೆ ಹಚ್ಚಿ ಕೊಟ್ಟರು. ಕೆಲವು ದಿನಗಳ ನಂತರ ಹುಡುಗ ಏರುದಾರಿಯಲ್ಲಿ ಎದ್ದು ನಿಂತು ಪೆಡಲ್ ತುಳಿಯುತ್ತಿದ್ದಾಗ ಚೈನು ಕಡಿದು, ಮೊಣಕಾಲು ಹ್ಯಾಂಡಲ್‌ಗೆ ಬಡಿದು, ಅವನು ರಸ್ತೆಗೆ ಬಿದ್ದು ಮುಂಗೈ ಮೂಳೆ ಬಿರುಕು ಬಿಟ್ಟಿತು. ಕಡಿದ ಚೈನನ್ನು ಬಿಸಿಲಿಗೆ ಹಿಡಿದು ನೋಡಿದರೆ, ಮುರಿದ ಪಟ್ಟಿಯಲ್ಲದೆ ಅಕ್ಕಪಕ್ಕದ ಪಟ್ಟಿಗಳಲ್ಲೂ ಪಿನ್ನಿನ ರಂಧ್ರದಿಂದ ಹೊರಟ ಕೂದಲೆಳೆಯಂಥ ಸೀಳುಗಳಿದ್ದವು. ವಿಚಾರಿಸಿದಾಗ, ರಾತ್ರಿಯಿಡೀ ಆಸಿಡ್‌ನಲ್ಲಿ ಹಾಕಿಟ್ಟಿದ್ದೆವು, ಎಲ್ಲರದ್ದನ್ನೂ ಹಾಗೆಯೇ ಮಾಡುತ್ತೇವೆ ಎಂಬ ಉತ್ತರ ಬಂತು.

ಚೈನು ಸವೆದಿತ್ತೆನ್ನುವಂತೆಯೂ ಇರಲಿಲ್ಲ. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಇರುತ್ತದೆ, ಅಂಥ 24 ಅಂತರಗಳು ಸೇರಿದರೆ 304.8 ಮಿ.ಮೀ. ಸವೆದಂತೆ ಈ ಉದ್ದ ಹೆಚ್ಚುತ್ತದೆ, ಗೇರಿಲ್ಲದ ಸೈಕಲ್ಲಿನಲ್ಲಿ ಇದು 308ರ ಹತ್ತಿರ ಬಂದಾಗ ಚೈನು ಬದಲಿಸಬೇಕು. ನಮ್ಮದು 305ರ ಆಸುಪಾಸಿನಲ್ಲೇ ಇತ್ತು.

ಆಮ್ಲವು ಕಬ್ಬಿಣದೊಡನೆ ವರ್ತಿಸಿದಾಗ ಹೈಡ್ರೋಜನ್ ಹುಟ್ಟುತ್ತದೆ. ಅದರ ಒಂದಂಶ ಪರಮಾಣುಗಳ ರೂಪದಲ್ಲಿ ಉಕ್ಕಿನೊಳಕ್ಕೇ ಇಳಿದು, ಚೈನಿಗಾಗಿ ಹದಗೊಳಿಸಿ ಗಡಸು ಮಾಡಿದ ಲೋಹವನ್ನು ಪೆಡಸಾಗಿಸುತ್ತದೆ. ಮೇಲ್ನೋಟಕ್ಕೆ ಏನೂ ಕಾಣದಿದ್ದರೂ, ಭಾರ ಬಿದ್ದಾಗ ಬಾಗುವ ಬದಲು ಅದು ಸೀಳುತ್ತದೆ. ತುಕ್ಕು ತೆಗೆಯುವ ಆಮ್ಲೀಯ ಅಥವಾ ಕ್ಷಾರೀಯ ದ್ರಾವಣಗಳನ್ನು ಬಳಸಿದರೆ ಚೈನು ಮುರಿದು ಗಂಭೀರ ಗಾಯವಾದೀತೆಂದು ಸೈಕಲ್ ಬಿಡಿಭಾಗ ತಯಾರಿಸುವ ಶಿಮಾನೊ ಕಂಪನಿಯ ಕೈಪಿಡಿಗಳೇ ಎಚ್ಚರಿಸುತ್ತವೆ. ನೀರಿನಲ್ಲಿ ಎಷ್ಟು ತೊಳೆದರೂ ಲೋಹದೊಳಗೆ ಆದ ಹಾನಿ ಹೋಗುವುದಿಲ್ಲ. ಆದ್ದರಿಂದ ಈಗಾಗಲೇ ಆಸಿಡ್ ಕಂಡ ಚೈನನ್ನು, ಅದು ಎಷ್ಟೇ ಹೊಳೆಯುತ್ತಿರಲಿ, ತೆಗೆದುಹಾಕಿ ಹೊಸದನ್ನು ಹಾಕಿಸಿ.

ಮೇಲ್ಮೈಯ ತುಕ್ಕಿಗೆ ಇಷ್ಟೆಲ್ಲ ಬೇಕಾಗಿಯೂ ಇಲ್ಲ. ಪಾತ್ರೆ ತೊಳೆಯುವ ಸೌಮ್ಯ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಜಿಡ್ಡು ಗಟ್ಟಿಯಾಗಿದ್ದರೆ ಮೊದಲು ಬಟ್ಟೆಯನ್ನು ಸ್ವಲ್ಪ ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿಕೊಳ್ಳಬಹುದು. ತೊಳೆದ ಮೇಲೆ ಪೂರ್ತಿ ಒಣಗಲೇಬೇಕು. ನಮ್ಮಲ್ಲಿ ಆರಿದ್ರಾ ಮಳೆಯ ಹೊತ್ತಿಗೆ ಒಳಗಿನ ತೇವ ತಾನಾಗಿ ಆರುವುದಿಲ್ಲವಾದ್ದರಿಂದ, ಬಟ್ಟೆಯಿಂದ ಒತ್ತಿ ಒರೆಸಿ, ಒಲೆಯ ಕೋಣೆಯಂಥ ಬೆಚ್ಚಗಿನ ಜಾಗದಲ್ಲಿ ಉರಿಯಿಂದ ದೂರ ನಿಲ್ಲಿಸುವುದು ಒಳ್ಳೆಯದು. ನಂತರ ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಪ್ರತಿ ರೋಲರಿನ (ಪಿನ್ನಿನ ಸುತ್ತ ತಿರುಗುವ ಸಣ್ಣ ಉರುಳೆಯ) ಮೇಲೆ ಒಂದೊಂದೇ ಹನಿ ಚೈನ್ ಎಣ್ಣೆ ಬಿಡಿ. ಎಣ್ಣೆಯ ಕೆಲಸವಿರುವುದು ಪಿನ್ನು ಮತ್ತು ರೋಲರಿನ ನಡುವೆ. ಅದು ಒಳಗಿಳಿಯಲು ಸ್ವಲ್ಪ ಹೊತ್ತು ಬಿಟ್ಟು, ಹೊರಗುಳಿದದ್ದನ್ನು ಒರೆಸದಿದ್ದರೆ ಕೆಮ್ಮಣ್ಣು ಅಂಟಿ ಹಲ್ಲುಚಕ್ರವನ್ನೇ ಅರೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಚಳಿಗಾಲದ ಬೆಳಗ್ಗೆ ಅದು ಹೆಪ್ಪುಗಟ್ಟುತ್ತದೆ.

ಇಷ್ಟು ಮಾಡಿದರೂ ಕೊಂಡಿಗಳು ಮಡಚಿದಲ್ಲೇ ಬಿಗಿದು ನಿಂತರೆ, ತುಕ್ಕು ಒಳಗೇ ಹೊಕ್ಕಿದೆ ಎಂದರ್ಥ. ಅಂಥ ಚೈನನ್ನು ಉಳಿಸಿಕೊಡುತ್ತೇವೆ ಎಂದು ಯಾರೇ ಹೇಳಿದರೂ ಒಪ್ಪಬೇಡಿ, ಮಕ್ಕಳು ಓಡಿಸುವ ಸೈಕಲ್ಲಾದರೆ ಖಂಡಿತ ಬೇಡ.