ವಿ8 ಇಳಿದು ವಿ6 ಹತ್ತಿದ ಮೇಲೆ: ದುಬೈಯಲ್ಲಿ ಲ್ಯಾಂಡ್ ಕ್ರೂಸರ್ 300

ಮೊದಲೇ ಹೇಳಿಬಿಡುತ್ತೇನೆ. ಟೊಯೋಟಾ ಲ್ಯಾಂಡ್ ಕ್ರೂಸರ್ 300ರ ಹೊಸ ಎಂಜಿನ್ನಿಗೆ ಜನ ಕೊಡುವ ಹೊಗಳಿಕೆಯಲ್ಲಿ ಅರ್ಧ ಅದರ ಚಾಸಿಗೂ (ಅಂದರೆ ಗಾಡಿಯ ಅಡಿಯ ಚೌಕಟ್ಟಿಗೂ) ಗೇರ್‌ಬಾಕ್ಸಿಗೂ ಸೇರಬೇಕು. ಅದೇ ಎಂಜಿನ್ನಿಗೆ ಬೀಳುವ ಬೈಗುಳದಲ್ಲೂ ಅರ್ಧ ಸುಮ್ನೆ. ಉಳಿದರ್ಧ ನಿಜ, ಆದರೆ ಅದು ಗೊತ್ತಾಗುವುದು ಮರಳಿನ ಮೇಲೆ ಮಾತ್ರ.

ನಾನು ಕರಾವಳಿಯವನು, ದುಬೈಯಲ್ಲಿ ಕಟ್ಟಡ ಕೆಲಸದ ಲೈನಿನಲ್ಲಿದ್ದೇನೆ. ವಾರವೆಲ್ಲ ಸೈಟು, ಚಳಿಗಾಲ ಬಂದರೆ ರಜೆಯ ದಿನ ಮರಳುಗಾಡು. ಮೊದಲು ನನ್ನ ಹತ್ತಿರ ಇದ್ದದ್ದು ಇದರ ಹಿಂದಿನ ತಲೆಮಾರಿನ ಲ್ಯಾಂಡ್ ಕ್ರೂಸರ್, 200 ಸೀರೀಸಿನ 5.7 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್. 2022ರಿಂದ 300ರ 3.5 ಲೀಟರ್ ಟ್ವಿನ್ ಟರ್ಬೊ ವಿ6 ಓಡಿಸುತ್ತಿದ್ದೇನೆ. ಆರು ಸಿಲಿಂಡರ್, ಜೊತೆಗೆ ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಎರಡು ಟರ್ಬೊ. ಎರಡೂ ಪೆಟ್ರೋಲ್. ಓಡಿಸುವ ರಸ್ತೆಗಳೂ ಅವೇ, ಕೂರುವ ಜನರೂ ಅವರೇ. ಹಾಗಾಗಿ ಹೋಲಿಕೆ ಮಾಡುವ ಹಕ್ಕು ಇದೆ ಅಂದುಕೊಂಡಿದ್ದೇನೆ.

ಕಾಗದದ ಲೆಕ್ಕ ಬೇಗ ಮುಗಿಸೋಣ. ಗಲ್ಫ್‌ನಲ್ಲಿ ಮಾರುತ್ತಿದ್ದ ಹಳೆ 5.7ಕ್ಕೆ 362 ಎಚ್‌ಪಿ, 530 ಎನ್‌ಎಂ (ನ್ಯೂಟನ್ ಮೀಟರ್) ಟಾರ್ಕ್ ಅಂದರೆ ಎಳೆಯುವ ಬಲ, 6 ಗೇರ್. ಹೊಸದಕ್ಕೆ 409 ಎಚ್‌ಪಿ, 650 ಎನ್‌ಎಂ, 10 ಗೇರ್. ಎರಡು ಸಿಲಿಂಡರ್ ಕಮ್ಮಿ, ಎರಡು ಲೀಟರಿಗಿಂತ ಜಾಸ್ತಿ ಸಿಸಿ ಕಮ್ಮಿ, ಆದರೂ ಶಕ್ತಿ ಹೆಚ್ಚು. ಟರ್ಬೊ ಬಂದ ಮೇಲೆ ಇದರಲ್ಲಿ ಆಶ್ಚರ್ಯವೇನಿಲ್ಲ. ಎಂಜಿನ್ ಕೂಡ ಈ ಗಾಡಿಗೆಂದೇ ಹುಟ್ಟಿದ್ದಲ್ಲ. 2017ರಲ್ಲಿ ಲೆಕ್ಸಸ್ ಎಲ್‌ಎಸ್ ಸೆಡಾನಿನಲ್ಲಿ ಬಂದ ಕುಟುಂಬದ್ದೇ. ಮುಖ್ಯವಾದದ್ದು ಆ 650 ಎನ್‌ಎಂ 2000 ಆರ್‌ಪಿಎಂನಲ್ಲೇ ಸಿಗುತ್ತದೆ ಅನ್ನುವುದು. ವಿ8ನಲ್ಲಿ ಪೂರ್ತಿ ದಮ್ಮು ಬೇಕೆಂದರೆ ಅದಕ್ಕಿಂತ ಎಷ್ಟೋ ಮೇಲಕ್ಕೆ ತಿರುಗಿಸಬೇಕಿತ್ತು.

ಜೆಬೆಲ್ ಜೈಸ್ ಏರುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ರಾಸ್ ಅಲ್ ಖೈಮಾದ ಆ ಬೆಟ್ಟ 1,900 ಮೀಟರ್ ದಾಟುತ್ತದೆ, ರಸ್ತೆ ತುದಿಯ ಹತ್ತಿರದವರೆಗೂ ಹೋಗುತ್ತದೆ. ಮನೆಯವರೆಲ್ಲ ಕೂತು, ಹಿಂದೆ ಸಾಮಾನು ತುಂಬಿ ಹತ್ತುವಾಗ ಹಳೆ ಗಾಡಿ ಒಂದೊಂದು ತಿರುವಿನಲ್ಲೂ ಗೇರ್ ಇಳಿಸಿ ಗರ್ಜಿಸುತ್ತಿತ್ತು. ಹೊಸದು ಮಾತಾಡದೆ ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡಿಕೊಂಡೇ ಮೇಲಕ್ಕೆ ಬಂದರು.

ಆದರೆ ಅಮ್ಮನ ನಿದ್ದೆಗೆ ಎಂಜಿನ್ ಮಾತ್ರ ಕಾರಣವಲ್ಲ. 2021ರ ಜೂನ್‌ನಲ್ಲಿ 300 ಹೊರಬಂದಾಗ 200 ಸೀರೀಸಿಗೆ 14 ವರ್ಷ ಆಗಿತ್ತು. ಹೊಸದರಲ್ಲಿ ಇಡೀ ಚಾಸಿ ಬೇರೆ. ಏಣಿಯ ಆಕಾರದ ಲ್ಯಾಡರ್ ಫ್ರೇಮ್ ಉಳಿಸಿಕೊಂಡರು, ಬಾನೆಟ್ಟು, ಛಾವಣಿ, ಬಾಗಿಲುಗಳನ್ನು ಅಲ್ಯೂಮಿನಿಯಂ ಮಾಡಿದರು. ಒಟ್ಟು 200 ಕೆ.ಜಿ.ಯಷ್ಟು ತೂಕ ಇಳಿಯಿತು. ಎಂಜಿನ್ ಸ್ವಲ್ಪ ಹಿಂದಕ್ಕೂ ಕೆಳಕ್ಕೂ ಸರಿಯಿತು. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ, ವೀಲ್‌ಬೇಸ್, ಮಾತ್ರ ಅದೇ ಹಳೆ 2,850 ಮಿಲಿಮೀಟರ್. ಹಳೆ ಗಾಡಿಯಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು, ತಿರುವಿನಲ್ಲಿ ಮುಂಭಾಗದ ಭಾರ ಕೈಗೆ ಸಿಗುತ್ತಿತ್ತು. ಈಗ ಆ ಭಾರ ಇಲ್ಲ. ನನ್ನ ಲೆಕ್ಕದಲ್ಲಿ ಹೊಸ ಗಾಡಿಯ ದೊಡ್ಡ ಸುಧಾರಣೆ ಇದೇ. ಇದೇ ಚಾಸಿಯಲ್ಲಿ ಹಳೆ ವಿ8 ಇಟ್ಟಿದ್ದರೂ ಜನ ಚಪ್ಪಾಳೆ ತಟ್ಟುತ್ತಿದ್ದರು ಅನ್ನಿಸುತ್ತದೆ.

ಈಗ ಎಲ್ಲರೂ ಕೇಳುವ ಪ್ರಶ್ನೆ: ಮೈಲೇಜ್ ಎಷ್ಟು ಮಾರಾಯ?

ವಿ8 ನನಗೆ ಲೀಟರಿಗೆ 6 ಕಿ.ಮೀ. ಆಸುಪಾಸು ಕೊಡುತ್ತಿತ್ತು. ಇದು ಊರೊಳಗೆ 6.5ರಿಂದ 7, ಅಬುಧಾಬಿ ಹೈವೇಯಲ್ಲಿ ಕ್ರೂಸ್ ಹಾಕಿ ಸುಮ್ಮನಿದ್ದರೆ 9ರ ಹತ್ತಿರ. ಎಲ್ಲ ಸೇರಿಸಿ ಏಳೂವರೆ ಅಂತಿಟ್ಟುಕೊಳ್ಳಿ. ಕಾಲು ಭಾರ ಹಾಕಿದಿರೋ, ಲಾಭವೆಲ್ಲ ಅಲ್ಲೇ ಕರಗುತ್ತದೆ. ಟರ್ಬೊ ಗಾಡಿಯ ಗುಣವೇ ಅದು, ಒತ್ತಿದಷ್ಟು ಕುಡಿಯುತ್ತದೆ. 2022ರ ಜುಲೈನಲ್ಲಿ ಇಲ್ಲಿ ಸ್ಪೆಷಲ್ 95 ಪೆಟ್ರೋಲ್ ಲೀಟರಿಗೆ 4 ದಿರ್ಹಂ 52 ಫಿಲ್ಸ್ ಮುಟ್ಟಿದಾಗ ಈ ವ್ಯತ್ಯಾಸ ಜೇಬಿಗೆ ಗೊತ್ತಾಯಿತು. ಆಮೇಲೆ ರೇಟು ಇಳಿದಾಗ ಮರೆತೂ ಹೋಯಿತು. ಇಷ್ಟು ದುಡ್ಡಿನ ಗಾಡಿ ತಗೊಳ್ಳುವವರು ಪೆಟ್ರೋಲ್ ಉಳಿಸಲು ತಗೊಳ್ಳುವುದಿಲ್ಲ ಬಿಡಿ.

ಹೇಳಬೇಕಾದ ಇನ್ನೊಂದು ವಿಷಯ ಟ್ಯಾಂಕಿನದು. 200ರಲ್ಲಿ ಎರಡು ಟ್ಯಾಂಕ್ ಸೇರಿ 138 ಲೀಟರ್ ಹಿಡಿಯುತ್ತಿತ್ತು. 300ರಲ್ಲಿ 110. ಗುಣಿಸಿ ನೋಡಿ. ಹಳೆಯದು ಲೀಟರಿಗೆ 6ರಂತೆ 828 ಕಿ.ಮೀ., ಹೊಸದು ಏಳೂವರೆಯಂತೆ 825. ಎಂಜಿನ್ ಉಳಿಸಿದ್ದನ್ನು ಟ್ಯಾಂಕ್ ಕಿತ್ತುಕೊಂಡಿತು. ಪಂಪಿಗೆ ಹೋಗುವ ಸರದಿ ಹೆಚ್ಚುಕಮ್ಮಿ ಅಷ್ಟೇ, ಬಿಲ್ಲು ಮಾತ್ರ ಚಿಕ್ಕದು. ಲಿವಾ ಮರಳುಗಾಡಿನ ಕಡೆ ಹೋಗುವವರಿಗೆ ಇದು ಗಮನದಲ್ಲಿರಲಿ, ಮರಳಿನಲ್ಲಿ ಯಾವ ಲೆಕ್ಕವೂ ನಡೆಯುವುದಿಲ್ಲ.

ಮರಳಿನ ವಿಷಯಕ್ಕೇ ಬರೋಣ. ಹತ್ತಾ ರಸ್ತೆಯಲ್ಲಿ ಲಹಬಾಬ್ ಹತ್ತಿರ ಕೆಂಪು ಮರಳಿನ ದಿಬ್ಬಗಳಿವೆ. ನಮ್ಮ ಗುಂಪು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸಿ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ಒಳಗೆ ಇಳಿಯುತ್ತೇವೆ. ದಿಬ್ಬ ಹತ್ತುವುದರಲ್ಲಿ ವಿದ್ಯೆ ಏನೂ ಇಲ್ಲ, ವೇಗ ಇದ್ದರೆ ಯಾರು ಬೇಕಾದರೂ ಹತ್ತುತ್ತಾರೆ. ವಿದ್ಯೆ ಇರುವುದು ನೆತ್ತಿಯಲ್ಲಿ. ಮುಂದಿನ ಚಕ್ರ ನೆತ್ತಿ ದಾಟುವ ಹೊತ್ತಿಗೆ ಕಾಲು ತೆಗೆಯಬೇಕು, ಗಾಡಿ ಹೊಟ್ಟೆಯ ಮೇಲೆ ಕೂರುತ್ತದೆ ಅನ್ನಿಸಿದರೆ ಮತ್ತೆ ಒಂದು ಚೂರು ಒತ್ತಬೇಕು. ಆ ಒಂದು ಚೂರಿನಲ್ಲೇ ಎಲ್ಲ ಇದೆ. ವಿ8ನಲ್ಲಿ ಪೆಡಲ್ ಎಷ್ಟು ಒತ್ತಿದೆವೋ ಅಷ್ಟೇ ಎಳೆತ, ಅದೇ ಕ್ಷಣಕ್ಕೆ. ವಿ6ನಲ್ಲಿ ಒತ್ತಿದ ಮೇಲೆ ಅರೆಗಳಿಗೆ ಏನೂ ಇಲ್ಲ, ಆಮೇಲೆ ಬೇಕಾದ್ದಕ್ಕಿಂತ ಜಾಸ್ತಿ. ಮೊದಮೊದಲು ನೆತ್ತಿಯಿಂದ ನಾನು ಇಳಿಯುತ್ತಿರಲಿಲ್ಲ, ಹಾರುತ್ತಿದ್ದೆ. ಹೆಂಡತಿ ನೀರಿನ ಬಾಟಲಿ ಹಿಡಿದುಕೊಂಡೇ ಒಂದು ನೋಟ ನೋಡಿದಳು, ಅಷ್ಟೇ ಸಾಕಾಯಿತು.

ಇದಕ್ಕೆ ಮದ್ದು ಇದೆ. ಗೇರ್ ಕೈಯಲ್ಲಿ ಹಿಡಿದುಕೊಳ್ಳಿ, ಎರಡರಲ್ಲೋ ಮೂರರಲ್ಲೋ ಇಟ್ಟು ಆರ್‌ಪಿಎಂ ಇಳಿಯದ ಹಾಗೆ ನೋಡಿಕೊಳ್ಳಿ. ಟರ್ಬೊ ಎಚ್ಚರವಾಗಿದ್ದರೆ ಆ ಅರೆಗಳಿಗೆ ಬಹಳ ಮಟ್ಟಿಗೆ ಹೋಗುತ್ತದೆ. ಡಿ ಹಾಕಿ ಗೇರನ್ನು ಗಾಡಿಗೇ ಬಿಟ್ಟರೆ 10 ಗೇರಿನ ಪೆಟ್ಟಿಗೆಗೆ ಯಾವುದು ಹಾಕಲಿ ಅನ್ನುವ ಗೊಂದಲವೇ ಮುಗಿಯುವುದಿಲ್ಲ. ರಸ್ತೆಯಲ್ಲಿ ಅದೇ ಪೆಟ್ಟಿಗೆ ಬೆಣ್ಣೆ. ಗಾಡಿ ಹಗುರ ಆಗಿರುವುದರಿಂದ ಮೆತ್ತನೆ ಮರಳಿನಲ್ಲಿ ಹೂತುಕೊಳ್ಳುವುದೂ ಕಮ್ಮಿ, ಅದನ್ನೂ ಹೇಳಬೇಕು. ಸುತ್ತಾಟ ಮುಗಿಸಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ಹಾಗೇ ಓಡಲಿ, ಟರ್ಬೊ ತಣಿಯಲಿ. ವಿ8 ಇದ್ದವರಿಗೆ ಈ ಅಭ್ಯಾಸ ಇರುವುದಿಲ್ಲ.

ಸದ್ದಿನ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ವಿ8ನ ಸದ್ದು ಹೋಯಿತು, ಬೇಜಾರಿದೆ.

ಎಂಜಿನ್ನಿಗಿಂತ ನನಗೆ ಹೆಚ್ಚು ನೆನಪಾಗುವುದು ಹಿಂದಿನ ಬಾಗಿಲು, ನಂಬುತ್ತೀರಾ? 200ರಲ್ಲಿ ಅದು ಎರಡು ಭಾಗ. ಮೇಲಿನದು ಮೇಲಕ್ಕೆ, ಕೆಳಗಿನದು ಕೆಳಕ್ಕೆ. ಕೆಳಗಿನದನ್ನು ಬಿಡಿಸಿದರೆ ಇಬ್ಬರು ಆರಾಮಾಗಿ ಕೂರುವ ಕಟ್ಟೆ. ಸಂಜೆ ಸ್ಟವ್ ಇಟ್ಟು ಕರಕ್ ಚಾ ಮಾಡಿ ಅಲ್ಲೇ ಕೂತು ಕುಡಿಯುತ್ತಿದ್ದೆವು. 300ರಲ್ಲಿ ಒಂದೇ ಬಾಗಿಲು, ಇಡಿಯಾಗಿ ಮೇಲೇಳುತ್ತದೆ. ನೆರಳು ಕೊಡುತ್ತದೆ, ಕೂರಲು ಜಾಗ ಕೊಡುವುದಿಲ್ಲ. ಈಗ ಮಡಚುವ ಕುರ್ಚಿ ಹೊತ್ತುಕೊಂಡು ಹೋಗುತ್ತೇವೆ.

ಮೂರನೇ ಸಾಲಿನ ಸೀಟಿನಲ್ಲಿ ಮಾತ್ರ ಹೊಸದೇ ಗೆದ್ದಿದೆ. ಹಳೆಯದರಲ್ಲಿ ಆ ಸೀಟುಗಳು ಎರಡು ಪಕ್ಕಕ್ಕೆ ಮಡಚಿ ನೇತಾಡುತ್ತಿದ್ದವು. ಊರಿಗೆ ಹೊರಟಾಗ ದೊಡ್ಡ ಸೂಟ್‌ಕೇಸನ್ನು ಅವುಗಳ ನಡುವೆ ತುರುಕುವುದೇ ಒಂದು ಕೆಲಸ. ಮಂಗಳೂರು ಫ್ಲೈಟಿನ ಲಗೇಜ್ ಅಂದರೆ ಗೊತ್ತಲ್ಲ, ಟಾಂಗ್ ಡಬ್ಬದಿಂದ ಹಿಡಿದು ಕಂಬಳಿವರೆಗೆ. ಈಗ ಸೀಟು ನೆಲದೊಳಗೆ ಮಲಗುತ್ತದೆ, ಪೆಟ್ಟಿಗೆ ಜಾರಿಸಿದರೆ ಮುಗಿಯಿತು. ಬೆರಳಚ್ಚು ಇಟ್ಟು ಸ್ಟಾರ್ಟ್ ಮಾಡುವ ಬಟನ್ ಕೂಡ ಇದೆ. ಸೈಟಿನಿಂದ ಸಿಮೆಂಟ್ ಕೈಯಲ್ಲಿ ಬಂದವನಿಗೆ ಅದರಿಂದ ಏನು ಉಪಯೋಗ, ನೀವೇ ಹೇಳಿ.

ಇನ್ನು ನಿಜವಾದ ಚಿಂತೆ, ಬಾಳಿಕೆ. 2024ರ ಮೇ ತಿಂಗಳಲ್ಲಿ ಟೊಯೋಟಾ ಅಮೆರಿಕದಲ್ಲಿ 2022 ಮತ್ತು 2023ರ ಟಂಡ್ರಾ ಪಿಕಪ್ ಹಾಗೂ ಲೆಕ್ಸಸ್ ಎಲ್‌ಎಕ್ಸ್ ಸೇರಿ ಸುಮಾರು 1 ಲಕ್ಷ ಗಾಡಿಗಳನ್ನು ವಾಪಸ್ ಕರೆಸಿತು (ರಿಕಾಲ್). ಕಾರ್ಖಾನೆಯಲ್ಲಿ ಎಂಜಿನ್ ಕಡೆಯುವಾಗ ಉಳಿದ ಲೋಹದ ಚೂರುಗಳು ಒಳಗೇ ಇದ್ದವು, ಅವು ಬೇರಿಂಗ್ ಕೆಡಿಸಬಹುದು, ಓಡುತ್ತಿರುವಾಗಲೇ ಎಂಜಿನ್ ನಿಲ್ಲಬಹುದು ಅನ್ನುವುದು ಕಾರಣ. ಎಂಜಿನ್ ಇದೇ ಟ್ವಿನ್ ಟರ್ಬೊ ವಿ6 ಕುಟುಂಬದ್ದು. ಸುದ್ದಿ ಬಂದ ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ವಿ8 ಇಟ್ಟುಕೊಂಡವರ ಸಂಭ್ರಮ ನೋಡಬೇಕಿತ್ತು. ಇದು ತಯಾರಿಕೆಯ ತಪ್ಪು, ಎಂಜಿನ್ ಚಿಕ್ಕದಾದದ್ದರ ತಪ್ಪಲ್ಲ. ಅದನ್ನು ಎಷ್ಟು ಹೇಳಿದರೂ ಅವರು ಕೇಳುವವರಲ್ಲ. ನನ್ನ ಗಾಡಿ ಈವರೆಗೆ ಒಂದು ದಿನವೂ ಕೈಕೊಟ್ಟಿಲ್ಲ. ಆದರೂ ಎಣ್ಣೆಯನ್ನು ಪುಸ್ತಕ ಹೇಳುವುದಕ್ಕಿಂತ ಬೇಗನೇ ಬದಲಿಸುತ್ತೇನೆ. ಬೇಸಿಗೆಯಲ್ಲಿ 48 ಡಿಗ್ರಿ, ಸೈಟಿನ ಧೂಳು, ಟರ್ಬೊ ಬಿಸಿ, ಮೂರೂ ಸೇರಿದಾಗ ಎಣ್ಣೆಯಲ್ಲಿ ಜಿಪುಣತನ ಬೇಡ.

ಒಂದು ತಮಾಷೆ ನೋಡಿ. ಗಲ್ಫ್‌ನಲ್ಲಿ ಇದೇ 300 ಗಾಡಿ ಟರ್ಬೊ ಇಲ್ಲದ ಹಳೆ 4 ಲೀಟರ್ ವಿ6 ಎಂಜಿನ್ನಿನಲ್ಲೂ ಬಂತು. 271 ಎಚ್‌ಪಿ, 6 ಗೇರ್, ಅಷ್ಟೇ. ಹಳ್ಳಿಗಾಡಿನ ಗ್ಯಾರೇಜಿನಲ್ಲೂ ಬಿಚ್ಚಿ ಕಟ್ಟುವ ಎಂಜಿನ್. ಹೊಸ ಚಾಸಿ ಬೇಕು, ಟರ್ಬೊ ಬೇಡ ಅನ್ನುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ ಕಂಪನಿಗೂ ಗೊತ್ತು.

ವಿ8ಗೆ ಕಾಯುತ್ತೇನೆ ಅನ್ನುವವರಿಗೆ ಒಂದು ಮಾತು, ಕಾಯಬೇಡಿ. ಇಲ್ಲಿನ ಅರಬರ ಪ್ರೀತಿಯ ಗಾಡಿ ನಿಸ್ಸಾನ್ ಪ್ಯಾಟ್ರೋಲ್ ಕೂಡ 2024ರ ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ಹೊಸ ರೂಪದಲ್ಲಿ ಬಂದಾಗ 5.6 ಲೀಟರ್ ವಿ8 ಬಿಟ್ಟು 3.5 ಟ್ವಿನ್ ಟರ್ಬೊ ವಿ6ಗೆ ಇಳಿಯಿತು. 425 ಎಚ್‌ಪಿ, 700 ಎನ್‌ಎಂ. ಪ್ಯಾಟ್ರೋಲ್‌ನವರೂ ಲ್ಯಾಂಡ್ ಕ್ರೂಸರಿನ ನಾವೂ ವರ್ಷಗಟ್ಟಲೆ ಜಗಳ ಆಡಿಕೊಂಡು ಬಂದಿದ್ದೇವೆ, ಈಗ ಎರಡರ ಬಾನೆಟ್ ಎತ್ತಿದರೂ ಆರೇ ಸಿಲಿಂಡರ್.

ಊರಲ್ಲಿ ಭಾವ ಪ್ರತಿ ಸಲ ಕೇಳುತ್ತಾರೆ, ‘ಇದನ್ನ ಅಲ್ಲಿಂದ ತರಬಹುದಾ?’ ಬೇಡ ಭಾವ. ಇಂಡಿಯಾದಲ್ಲಿ 300 ಅಧಿಕೃತವಾಗಿಯೇ ಬಂದಿದೆ, ಆದರೆ 3.3 ಲೀಟರ್ ಡೀಸೆಲ್ ವಿ6ನಲ್ಲಿ. 2023ರ ಆರಂಭದಲ್ಲಿ ಎಕ್ಸ್‌ಶೋರೂಂ ಬೆಲೆಯೇ 2.10 ಕೋಟಿ ಇತ್ತು. ಬಿಡದಿಯಲ್ಲಿ ತಯಾರಾಗುವ ಫಾರ್ಚೂನರ್ ತರ ಅಲ್ಲ, ಇಡೀ ಗಾಡಿ ಹೊರಗಿಂದಲೇ ಹಡಗಿನಲ್ಲಿ ಬರುತ್ತದೆ. ಚಾರ್ಮಾಡಿ ಘಾಟಿಗೆ ಆ ಡೀಸೆಲ್ಲಿನ 700 ಎನ್‌ಎಂ ಚಂದ ಇರುತ್ತದೆ, ಆದರೆ ನಮ್ಮ ಊರಿನ ಗಲ್ಲಿಯಲ್ಲಿ ಎದುರಿಂದ ಬಸ್ಸು ಬಂದರೆ ಯಾರು ಹಿಂದೆ ಹೋಗಬೇಕು ಅನ್ನುವುದು ಮೊದಲು ತೀರ್ಮಾನ ಆಗಲಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿರುವವರು ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ಯಾವುದಾದರೂ ರಿಕಾಲ್ ಬಾಕಿ ಇದೆಯಾ ಕೇಳಿ. ಎಣ್ಣೆ ಬದಲಿಸಿದ ದಾಖಲೆ ಇಲ್ಲದ ಟ್ವಿನ್ ಟರ್ಬೊವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಮರಳಿಗೆ ಹೋಗುವವರು 20 ಇಂಚಿನ ಚಕ್ರ ತೆಗೆದು 18 ಹಾಕಿಸಿ, ಗಾಳಿ ಇಳಿಸಿದಾಗ ಟೈರಿಗೆ ಹರಡಿಕೊಳ್ಳಲು ಜಾಗ ಸಿಗುತ್ತದೆ. ಹಾಕಿಸುವಾಗ ಮುಂದೆಯೇ ನಿಂತು ನೋಡಿ. ಇಲ್ಲಿನ ಒಂದು ಟೈರ್ ಅಂಗಡಿಯವನು ನಟ್ಟುಗಳನ್ನು ಗನ್ನಿನಲ್ಲಿ ಎಷ್ಟು ಬಿಗಿದಿದ್ದನೆಂದರೆ, ಲಹಬಾಬ್‌ನಲ್ಲಿ ಚಕ್ರ ಬಿಚ್ಚಲು ನಾವು ಮೂವರು ಪಾನದ ಮೇಲೆ ಹತ್ತಿ ನಿಲ್ಲಬೇಕಾಯಿತು.