ದುಡ್ಡು ಕೊಟ್ಟು ಸರ್ವೇಗೆ ಉತ್ತರ ತರಿಸುವವರು ಇದನ್ನೊಮ್ಮೆ ಓದಿ

ಒಂದೇ ರಾತ್ರಿಯಲ್ಲಿ 400 ಉತ್ತರ ಬಂದರೆ ಖುಷಿಪಡಬೇಡಿ. ನಾನು ಪಟ್ಟೆ. ಸ್ಕ್ರೀನ್‌ಶಾಟ್ ತೆಗೆದು ನಮ್ಮ ಗೈಡ್‌ಗೆ ಬೇರೆ ಕಳಿಸಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ನನ್ನ ಪಿಎಚ್‌ಡಿ ವಿಷಯ ರಾತ್ರಿ ಪಾಳಿಯ ನರ್ಸ್‌ಗಳ ನಿದ್ದೆ. ಗೊತ್ತಿದ್ದವರಿಗೆಲ್ಲ ಲಿಂಕ್ ಕಳಿಸಿ ಎರಡು ತಿಂಗಳು ಕಾದೆ. ಬಂದದ್ದು ಅರವತ್ತು ಚಿಲ್ಲರೆ. ಆಗ ಸಿಕ್ಕಿದ್ದು ಈ ಪ್ಯಾನೆಲ್ ಕಂಪನಿ, ಅಂದರೆ ದುಡ್ಡಿಗೆ ಸರ್ವೇ ತುಂಬುವವರನ್ನು ಒದಗಿಸುವವರು. ಪೂರ್ತಿ ತುಂಬಿದ ಒಂದು ಉತ್ತರಕ್ಕೆ ಇಷ್ಟು ಅಂತ ರೇಟು, ಹಣ ಪೂರ್ತಿ ಮುಂಗಡ. ಹೌದು, ಪೂರ್ತಿ ಕೊಟ್ಟೆ. ಬೈಯಿರಿ.

46 ಪ್ರಶ್ನೆ. ಬರೆದವಳು ನಾನು, ನಾನೇ ತುಂಬಿ ನೋಡಿದಾಗ 9 ನಿಮಿಷ ಹಿಡಿದಿತ್ತು. ಅವರ ಕಡೆಯವರಲ್ಲಿ ಮುಕ್ಕಾಲು ಪಾಲು ಎರಡು ನಿಮಿಷದೊಳಗೆ ಮುಗಿಸಿದ್ದಾರೆ. ಸಮಯದ ಕಾಲಂ ಕಣ್ಣೆದುರೇ ಇತ್ತು, ನೋಡಲಿಲ್ಲ. ನೋಡಿದ್ದು ಕ್ರೋನ್‌ಬಾಕ್ ಆಲ್ಫಾ, ಒಂದೇ ವಿಷಯದ ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ತೋರಿಸುವ ಅಂಕಿ; 1ಕ್ಕೆ ಹತ್ತಿರವಾದಷ್ಟೂ ಹೊಂದಿಕೆ ಹೆಚ್ಚು. 0.96! ಕುಣಿದಾಡಿದೆ. ಆಯಾಸದ ಎಂಟು ಪ್ರಶ್ನೆಗಳೂ ಒಂದೇ ದಿಕ್ಕಿನವು, ಒತ್ತಿದ ಅಂಕಿ ದೊಡ್ಡದಾದಷ್ಟೂ ಆಯಾಸ ಹೆಚ್ಚು ಅಂತ. ಒಬ್ಬ ಎಲ್ಲಕ್ಕೂ 4, ಇನ್ನೊಬ್ಬ ಎಲ್ಲಕ್ಕೂ 2 ಒತ್ತುತ್ತಾ ಹೋದರೆ ಆಲ್ಫಾ ಏರದೆ ಇನ್ನೇನಾಗುತ್ತದೆ? ಓದದೆ ಒತ್ತಿದ್ದಕ್ಕೇ ಅಷ್ಟು ಚೆಂದದ ಅಂಕಿ ಬಂದಿತ್ತು.

ಗೈಡ್ ಕೇಳಿದ್ದು ಒಂದೇ ಮಾತು. "ಬರೆದು ಕೊಟ್ಟ ಉತ್ತರ ಓದಿದೆಯೇನಮ್ಮಾ?"

ಓದಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಬಂದ ಮೇಲೆ ಮೊದಲು ಏನು ಮಾಡುತ್ತೀರಿ ಅಂತ ಕೇಳಿದ್ದೆ. ಉತ್ತರಗಳು: "ಗುಡ್". "ವೆರಿ ನೈಸ್". "ಗುಡ್". "ಒಳ್ಳೆಯ ಪ್ರಾಡಕ್ಟ್, ಮತ್ತೆ ಕೊಳ್ಳುತ್ತೇನೆ". ಮನೆಗೆ ಬಂದು ಪ್ರಾಡಕ್ಟ್ ಕೊಳ್ಳುವ ನರ್ಸ್! ಆಮೇಲೆ ನಿದ್ದೆಯ ಭಾಗ ತೆರೆದೆ. "ಮಲಗಿದ ಕೂಡಲೇ ನಿದ್ದೆ ಬರುತ್ತದೆ" ಅನ್ನುವುದಕ್ಕೆ 5, ಅಂದರೆ ಪೂರ್ತಿ ಹೌದು. ಅದರ ಕೆಳಗೇ "ನಿದ್ದೆ ಬಾರದೆ ಹೊರಳಾಡುತ್ತೇನೆ" ಅನ್ನುವುದಕ್ಕೂ 5. ಸಾಲು ಸಾಲಾಗಿ ಹೀಗೇ. ಅವತ್ತು ಊಟ ಸೇರಲಿಲ್ಲ.

ಇನ್ನೂ ಅವಮಾನ ಏನು ಗೊತ್ತಾ? 2018ರಲ್ಲಿ ಮೆಕ್ಯಾನಿಕಲ್ ಟರ್ಕ್‌ನಲ್ಲಿ, ಅಂದರೆ ದುಡ್ಡು ಕೊಟ್ಟು ಸಣ್ಣಪುಟ್ಟ ಕೆಲಸ ಮಾಡಿಸುವ ಅಮೆಜಾನ್‌ನ ಜಾಲತಾಣದಲ್ಲಿ, ಸಂಶೋಧಕರಿಗೆ ಇದೇ ಆಗಿತ್ತು. ಒಂದೇ ಜಾಗದ ಅಕ್ಷಾಂಶ ರೇಖಾಂಶದಿಂದ ರಾಶಿ ಉತ್ತರ, ಬರೆಯುವ ಕಡೆ ಬರೀ "ಗುಡ್", "ನೈಸ್". ಅದನ್ನು ಓದಿ ನೋಟ್ಸ್ ಬೇರೆ ಮಾಡಿಕೊಂಡಿದ್ದೆ. ಯಾರಿಗೋ ಆಗುವುದು ಅಂದುಕೊಂಡಿದ್ದೆ.

ಕಂಪನಿಗೆ ಮೇಲ್ ಹಾಕಿದೆ. ಉತ್ತರ: "ಕೆಲವರು ಬೇಗ ಓದುತ್ತಾರೆ ಮೇಡಂ."

46 ಪ್ರಶ್ನೆ, ಒಂದೂವರೆ ನಿಮಿಷ. ಬೇಗ ಓದುತ್ತಾರಂತೆ!

ಮತ್ತೆ ಬರೆದೆ. "ಕನಿಷ್ಠ ಎಷ್ಟು ನಿಮಿಷ ಅಂತ ಒಪ್ಪಂದದಲ್ಲಿ ಇಲ್ವಲ್ಲ ಮೇಡಂ." ನಿಜ, ಇರಲಿಲ್ಲ. ಮೂರನೆಯದು ಚುಚ್ಚಿತು: "ನಿಮ್ಮ ಮೊದಲ ಪ್ರಶ್ನೆಯೇ ನೀವು ನರ್ಸಾ ಅಂತ ಇದೆ. ಹೌದು ಅಂದರೆ ಮಾತ್ರ ಒಳಗೆ ಹೋಗಬಹುದು ಅಂತ ಯಾರಿಗೂ ಗೊತ್ತಾಗುತ್ತದೆ." ಅರ್ಧ ಸತ್ಯ, ಅದಕ್ಕೇ ಜಾಸ್ತಿ ಉರಿಯಿತು. ಹತ್ತು ಉದ್ಯೋಗಗಳ ಪಟ್ಟಿ ಕೊಟ್ಟು ಆರಿಸಿ ಅನ್ನಬೇಕಿತ್ತು. ಆದರೆ "ವೆರಿಫೈಡ್ ನರ್ಸ್‌ಗಳು" ಅಂತ ಕೊಟೇಶನ್‌ನಲ್ಲಿ ದಪ್ಪಕ್ಷರದಲ್ಲಿ ಬರೆದವರು ಯಾರು? ವೆರಿಫೈ ಮಾಡಿದ್ದರೆ ನನ್ನ ಪ್ರಶ್ನೆ ಹೇಗಿದ್ದರೇನು?

ಹಣ ವಾಪಸ್ ಇಲ್ಲ. ಬದಲಿಗೆ 40 ಹೊಸ ಉತ್ತರ ಕೊಡುತ್ತಾರಂತೆ, ಅದೇ ಪ್ಯಾನೆಲ್‌ನಿಂದ.

ದಯವಿಟ್ಟು ಮುಂಗಡ ಪೂರ್ತಿ ಕೊಡಬೇಡಿ. ಮೊದಲು 30 ತರಿಸಿ, ಒಂದೊಂದನ್ನೂ ಕೂತು ಓದಿ, ಆಮೇಲೆ ಮುಂದಿನದು. ಎಷ್ಟು ನಿಮಿಷಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ ಅಂತ ಬರೆಸಿಕೊಳ್ಳಿ. ನಡುವೆ "ಇಲ್ಲಿ 2 ಒತ್ತಿ" ಅನ್ನುವಂಥ ಪ್ರಶ್ನೆ ಒಂದೆರಡು ಇರಲಿ, ಓದದೆ ಒತ್ತುವವರು ಸಿಕ್ಕಿಬೀಳಲಿ. ವೆರಿಫೈಡ್ ಅಂದವರನ್ನು ಹೇಗೆ ಮಾಡಿದಿರಿ ಅಂತ ಕೇಳಿ, ಫೋನಲ್ಲಲ್ಲ, ಮೇಲ್‌ನಲ್ಲಿ.

ಆ 40 ನಿನ್ನೆ ಬಂದವು. ಮೊದಲನೆಯದನ್ನು ತೆರೆದೆ. "ಗುಡ್".